ನಮ್ಮ ಜರ್ಮನ್ ಅತ್ತೆ ಎರಡು ತಿಂಗಳು ಬೋಧಗಯೆಯಲ್ಲಿ ಒಬ್ಬರೇ ಇರ್ತಾರಂತೆ. ಅಲ್ಲಿ ದಿನ ಹೇಗಿರುತ್ತೆ?

ನೀಲು_ಸ್ಟುಟ್‌ಗಾರ್ಟ್ · ಅಕ್ಟೋಬರ್ 14

ಎಲ್ಲರಿಗೂ ನಮಸ್ಕಾರ. ತವರು ಮೈಸೂರು, ಮದುವೆಯಾಗಿ ಬಂದದ್ದು ಜರ್ಮನಿಗೆ. ಅತ್ತೆಗೆ 62. ಟೀಚರ್ ಆಗಿದ್ದವರು, ಈಗ ರಿಟೈರ್ಡ್. ಹತ್ತು ವರ್ಷದಿಂದ ಟಿಬೆಟನ್ ಬೌದ್ಧ ಪದ್ಧತಿ ಹಿಡಿದಿದ್ದಾರೆ. ಈ ಡಿಸೆಂಬರ್, ಜನವರಿ ಎರಡೂ ತಿಂಗಳು ಬೋಧಗಯೆಯಲ್ಲಿದ್ದು ಒಂದು ಲಕ್ಷ ಸಾಷ್ಟಾಂಗ ನಮಸ್ಕಾರ ಮುಗಿಸಿಕೊಂಡು ಬರುತ್ತೇನೆ ಅಂತ ಹೊರಟಿದ್ದಾರೆ. ಒಬ್ಬರೇ. ಟಿಕೆಟ್ ಕೂಡ ಆಗಿದೆ.

ಗಂಡನಿಗೆ ಚಿಂತೆಯೇ ಇಲ್ಲ. "ಅಮ್ಮ ನೋಡ್ಕೋತಾಳೆ" ಅಂತಾನೆ. ನಿದ್ದೆ ಕೆಟ್ಟಿರುವುದು ನನಗೆ. ನಾನು ಬಿಹಾರವನ್ನು ಕಣ್ಣಲ್ಲೂ ನೋಡಿಲ್ಲ. ಆದರೆ ಇಲ್ಲಿ ಎಲ್ಲರೂ ನನ್ನನ್ನೇ ಕೇಳುತ್ತಾರೆ, ನೀನು ಇಂಡಿಯಾದವಳು ತಾನೇ ಅಂತ. ಮೈಸೂರೆಲ್ಲಿ, ಗಯೆ ಎಲ್ಲಿ!

ಅಲ್ಲಿ ಬಿಳಿಯರು ದಿನ ಹೇಗೆ ಕಳೆಯುತ್ತಾರೆ? ಊಟ, ರೂಮು, ಚಳಿ, ಮೋಸ, ಎಲ್ಲ ಹೇಳಿ. ಗೂಗಲ್‌ನಲ್ಲಿ ಬರೀ ದೇವಸ್ಥಾನದ ಫೋಟೋ ಸಿಗುತ್ತಿವೆ.

ಲೆಕ್ಕದ_ಮೇಷ್ಟ್ರು · ಅಕ್ಟೋಬರ್ 14

ಮೊದಲು ಲೆಕ್ಕ. ಲಕ್ಷ ಭಾಗಿಸು 60 ದಿನ, ಅಂದರೆ ದಿನಕ್ಕೆ 1,667. ಒಂದು ನಮಸ್ಕಾರಕ್ಕೆ 10 ಸೆಕೆಂಡ್ ಅಂತ ಇಟ್ಟುಕೊಂಡರೂ 4 ಗಂಟೆ 38 ನಿಮಿಷ. ನೀರು ಕುಡಿಯದೆ, ಬೆವರು ಒರೆಸದೆ. 62 ವಯಸ್ಸಿಗೆ. ನನಗೆ 51, ಬಗ್ಗಿ ಶೂ ಲೇಸ್ ಕಟ್ಟಿದರೆ ಸೊಂಟ ಹಿಡಿಯುತ್ತದೆ.

ಮಂಡ್ಯ_ಮಂಜ · ಅಕ್ಟೋಬರ್ 14

ಅತ್ತೆಯನ್ನು ದೂರ ಕಳಿಸೋಕೆ ಜನ ಹರಕೆ ಹೊರ್ತಾರೆ. ನೀವು ನಿದ್ದೆ ಕೆಡಿಸಿಕೊಂಡಿದ್ದೀರಲ್ಲ ಅಕ್ಕಾ 😄

ಗಯಾ_ರಿಟರ್ನ್ · ಅಕ್ಟೋಬರ್ 14

ಗಯಾದಲ್ಲಿ ಮೂರು ವರ್ಷ ಬ್ಯಾಂಕ್ ನೌಕರಿ ಮಾಡಿದ್ದೇನೆ. ಬೋಧಗಯೆ ಅಲ್ಲಿಂದ ಹನ್ನೆರಡು ಕಿಲೋಮೀಟರ್ ಚಿಲ್ಲರೆ. ಭಾನುವಾರ ಬಂತೆಂದರೆ ನಾನು ಅಲ್ಲೇ.

ಮೊದಲು ಒಂದು ವಿಷಯ. ಊರು ಎರಡು ಥರ ಇದೆ. ಏಪ್ರಿಲ್, ಮೇನಲ್ಲಿ ಬಿಸಿಲು 45 ಡಿಗ್ರಿ ಮುಟ್ಟುತ್ತದೆ, ರಸ್ತೆಯಲ್ಲಿ ನಾಯಿ ಕೂಡ ಕಾಣುವುದಿಲ್ಲ. ನವೆಂಬರ್‌ನಿಂದ ಫೆಬ್ರವರಿವರೆಗೆ ಅದೇ ಊರಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಥಾಯ್ಲೆಂಡ್, ಶ್ರೀಲಂಕಾ, ಬರ್ಮಾ, ಭೂತಾನ್, ವಿಯೆಟ್ನಾಂ, ಎಲ್ಲ ಕಡೆಯಿಂದ ಜನ. ಆ ಗುಂಪಿನಲ್ಲಿ ಬಿಳಿಯರು ಕಮ್ಮಿಯೇ. ಆದರೆ ಹೆಚ್ಚು ದಿನ ಉಳಿಯುವವರು ಅವರು. ಥಾಯ್ ಯಾತ್ರಿಕರು ಬಸ್ಸಿನಲ್ಲಿ ಬಂದು ಎರಡು ದಿನಕ್ಕೆ ಹೊರಟುಬಿಡುತ್ತಾರೆ. ಬಿಳಿಯರು ರೂಮು ಹಿಡಿದು, ಸೈಕಲ್ ಬಾಡಿಗೆಗೆ ತಗೊಂಡು, ಚಹಾ ಅಂಗಡಿಯಲ್ಲಿ ಖಾತೆ ತೆರೆಯುತ್ತಾರೆ.

ಮಹಾಬೋಧಿ ದೇವಸ್ಥಾನದ ಬಾಗಿಲು ಬೆಳಗ್ಗೆ 5ಕ್ಕೆ ತೆರೆದು ರಾತ್ರಿ 9ಕ್ಕೆ ಮುಚ್ಚುತ್ತದೆ. ಪ್ರವೇಶಕ್ಕೆ ದುಡ್ಡಿಲ್ಲ. ಮೊಬೈಲ್ ಮಾತ್ರ ಒಳಗೆ ಬಿಡುವುದಿಲ್ಲ. 2013ರ ಜುಲೈನಲ್ಲಿ ಬಾಂಬ್ ಸ್ಫೋಟ ಆದ ಮೇಲೆ ಬಿಗಿ ಜಾಸ್ತಿ. ಹೊರಗೆ ಲಾಕರ್‌ನಲ್ಲಿ ಇಟ್ಟು ಹೋಗಬೇಕು. ಹಾಗಾಗಿ ನೀವು ವಾಟ್ಸಾಪ್ ಮಾಡಿ ಎರಡು ಗೆರೆ ನೀಲಿ ಆಗಲಿಲ್ಲ ಅಂತ ಪೊಲೀಸರಿಗೆ ಫೋನ್ ಮಾಡಬೇಡಿ. ಅವರು ಒಳಗೆ ಅಡ್ಡಬಿದ್ದಿರುತ್ತಾರೆ.

ಧಾರವಾಡದ_ಸೊಸೆ · ಅಕ್ಟೋಬರ್ 15

ನಮಸ್ಕಾರ ರೀ. ನಾನು ಪೋಲೆಂಡಿನವಳು, ಗಂಡನ ಊರು ಧಾರವಾಡ. ಕನ್ನಡ ಕಲಿತು ಒಂಬತ್ತು ವರ್ಷ ಆಯಿತು, ತಪ್ಪಿದ್ದರೆ ತಿದ್ದಿ. ಮದುವೆಗೆ ಮುಂಚೆ ಬೋಧಗಯೆಯಲ್ಲಿ ಮೂರು ಚಳಿಗಾಲ ಇದ್ದೆ. ಹಾಗಾಗಿ "ಬಿಳಿಯರು" ಅಂದರೆ ನಾನೇ, ನನ್ನನ್ನೇ ಕೇಳಿ.

ನಾಲ್ಕೂವರೆಗೆ ಎದ್ದೆ ಅಂತ ಇಟ್ಟುಕೊಳ್ಳಿ. ಆಚೆ ಮಂಜು, ಕೈ ಚಾಚಿದರೆ ಕೈ ಕಾಣುವುದಿಲ್ಲ. ನಾವು ಚಳಿದೇಶದವರು, ಜನವರಿಯಲ್ಲಿ ಆರೇಳು ಡಿಗ್ರಿ ಅಂದರೆ ನಗು ಬರುತ್ತದೆ. ಆದರೆ ನಮ್ಮ ಊರಿನಲ್ಲಿ ಚಳಿ ಇರುವುದು ಮನೆಯ ಹೊರಗೆ. ಅಲ್ಲಿ ರೂಮಿನ ಒಳಗೂ ಅಷ್ಟೇ ಚಳಿ. ಹಾಸಿಗೆ ತಣ್ಣಗೆ, ಗೋಡೆ ತಣ್ಣಗೆ, ಬಕೆಟ್ ನೀರಂತೂ ಬೇಡ. ದೇವಸ್ಥಾನದಲ್ಲಿ ಚಪ್ಪಲಿ ಬಿಟ್ಟು ಅಮೃತಶಿಲೆಯ ಮೇಲೆ ನಡೆಯಬೇಕು. ನಿಮ್ಮ ಅತ್ತೆಗೆ ಉಣ್ಣೆಯ ಕಾಲುಚೀಲ ನಾಲ್ಕು ಜೊತೆ ಕಟ್ಟಿಕೊಡಿ. ಬೇರೆ ಏನು ಮರೆತರೂ ನಡೆಯುತ್ತದೆ.

ಐದಕ್ಕೆ ಬಾಗಿಲಲ್ಲಿ ಹೆಂಗಸರದ್ದು ಬೇರೆ ಸಾಲು, ಚೀಲ ತಪಾಸಣೆ. ಒಳಗೆ ಹುಲ್ಲಿನ ಮೇಲೆ ಸಾಲು ಸಾಲು ಮರದ ಹಲಗೆಗಳು. ನುಣ್ಣಗೆ ಉಜ್ಜಿ ಉಜ್ಜಿ ಕನ್ನಡಿ ಆಗಿರುತ್ತವೆ. ಎದೆಯ ಜಾಗದಲ್ಲಿ ಒಂದು ತೆಳು ಹಾಸು. ಅಂಗೈಗೆ ಬಟ್ಟೆ ಅಥವಾ ಗವಸು, ಮಂಡಿಗೆ ಪ್ಯಾಡ್. ಕೈ ಜೋಡಿಸಿ ತಲೆ, ಗಂಟಲು, ಎದೆ ಮುಟ್ಟಿಸಿ, ಮಂಡಿಯೂರಿ, ಸರ್ರನೆ ಮುಂದೆ ಜಾರಿ ಪೂರ್ತಿ ಮಲಗುವುದು, ಏಳುವುದು. ನಮ್ಮ ಅತ್ತೆಗೆ ಮಾಡಿ ತೋರಿಸಿದರೆ "ಅಯ್ಯ, ಇದು ಎಲ್ಲಮ್ಮನ ಗುಡ್ಡದ ದೀಡ ನಮಸ್ಕಾರ ಅಲ್ಲೇನು" ಅಂದರು. ಹೆಚ್ಚು ಕಮ್ಮಿ ಅದೇ. ಆದರೆ ದೀಡ ನಮಸ್ಕಾರ ಹಾಕುವವರು ಗುಡಿಯ ಕಡೆಗೆ ಸಾಗುತ್ತಾರೆ. ಇಲ್ಲಿ ಲಕ್ಷ ಹಾಕಿದರೂ ನಿಂತಲ್ಲೇ ನಿಂತಿರುತ್ತೀರಿ.

ಮೊದಲ ದಿನ ನಾನು ಹಾಕಿದ್ದು 150. ಮಾರನೇ ದಿನ ಮೆಟ್ಟಿಲು ಇಳಿಯುವುದಕ್ಕೆ ಬರಲಿಲ್ಲ, ಕೂತುಕೊಂಡೇ ಇಳಿದೆ. ಪಕ್ಕದ ಹಲಗೆಯಲ್ಲಿ ಎಪ್ಪತ್ತು ದಾಟಿದ ಟಿಬೆಟನ್ ಅಜ್ಜಿ, ಸದ್ದಿಲ್ಲದೆ ಸಾವಿರದ ಹತ್ತಿರ ಹೋಗುತ್ತಿದ್ದರು. ನಡುನಡುವೆ ನನಗೆ ಬಾದಾಮಿ ಕೊಡುತ್ತಿದ್ದರು.

ಲೆಕ್ಕದ_ಮೇಷ್ಟ್ರು · ಅಕ್ಟೋಬರ್ 15

ತಾಯಿ, ನಿಮ್ಮ ಕನ್ನಡ ನಮ್ಮ ಮಕ್ಕಳ ಕನ್ನಡಕ್ಕಿಂತ ಚೆನ್ನಾಗಿದೆ.

ನೀಲು_ಸ್ಟುಟ್‌ಗಾರ್ಟ್ · ಅಕ್ಟೋಬರ್ 15

ಎಂಥಾ ಉಪಕಾರ ಮಾಡಿದಿರಿ! ಕಾಲುಚೀಲ ಬರೆದುಕೊಂಡೆ. ಬೆಳಗ್ಗೆ ಮುಗಿದ ಮೇಲೆ ಇಡೀ ದಿನ ಏನು ಮಾಡುತ್ತಿದ್ದಿರಿ? ಅತ್ತೆ "ಅಲ್ಲಿನ ಮೌನ ಬೇಕು" ಅಂತಾರೆ.

ಗಯಾ_ರಿಟರ್ನ್ · ಅಕ್ಟೋಬರ್ 15

ಮೌನಾ? 😂 😂

ಧಾರವಾಡದ_ಸೊಸೆ · ಅಕ್ಟೋಬರ್ 15

ಅವರು ನಗುವುದು ಸರಿ. ಒಂದು ಕಡೆ ಥಾಯ್ ಗುಂಪಿನ ಮೈಕ್. ಇನ್ನೊಂದು ಕಡೆ ಸಿಂಹಳದವರ ಪಠಣ. ಟಿಬೆಟನ್ ಲಾಮಾಗಳ ಉದ್ದನೆಯ ಕೊಂಬು. ಪಕ್ಕದ ಮಸೀದಿಯ ಆಜಾನ್, ಆಚೆ ರಸ್ತೆಯಲ್ಲಿ ಮದುವೆ ದಿಬ್ಬಣದ ಡಿಜೆ. ಎಲ್ಲ ಒಟ್ಟಿಗೆ. ನಾನು ಮೊದಲ ವಾರ ಕಿವಿಗೆ ಹತ್ತಿ ಇಟ್ಟುಕೊಂಡು ಅತ್ತಿದ್ದೇನೆ. ನಾಲ್ಕನೇ ವಾರಕ್ಕೆ ಆ ಗದ್ದಲದಲ್ಲೇ ನಿದ್ದೆ ಬರುತ್ತಿತ್ತು, ಧ್ಯಾನದಲ್ಲಿ ಕೂತಾಗ ಕೂಡ.

ದಿನ ಕಳೆಯುವುದು ಕಷ್ಟವಲ್ಲ. ಎಂಟಕ್ಕೆ ಟಿಬೆಟನ್ ಟೆಂಟ್ ಹೋಟೆಲಿನಲ್ಲಿ ರೊಟ್ಟಿ, ಜೇನು, ಚಹಾ. ಚಳಿಗಾಲಕ್ಕೆ ಮಾತ್ರ ಟೆಂಟ್ ಹಾಕುತ್ತಾರೆ. ಅಲ್ಲಿ ವಿದೇಶಿಯರ ಸಭೆ ಸೇರುತ್ತದೆ. ಯಾರಿಗೆ ಹೊಟ್ಟೆ ಕೆಟ್ಟಿದೆ, ಯಾವ ಗುರು ಇವತ್ತು ಎಲ್ಲಿ ಉಪದೇಶ ಕೊಡುತ್ತಾರೆ, ಯಾರ ವೀಸಾ ಮುಗಿಯುತ್ತಿದೆ. ಹತ್ತು ಗಂಟೆಗೆ ಬಟ್ಟೆ ಒಗೆಯುವುದು. ಮಂಜು ಇದ್ದರೆ ಮೂರು ದಿನವಾದರೂ ಒಣಗುವುದಿಲ್ಲ. ಮಧ್ಯಾಹ್ನ ಮತ್ತೆ ಹಲಗೆ. ಸಂಜೆ ಪ್ರದಕ್ಷಿಣೆ, ದೀಪ. ಎಂಟೂವರೆಗೆ ಮಲಗಿದರೆ ಸ್ವರ್ಗ.

ಬೇಜಾರಾದ ದಿನ ನದಿ ದಾಟಿ ಸುಜಾತಾ ಇದ್ದ ಹಳ್ಳಿ ಕಡೆ ನಡೆಯುತ್ತಿದ್ದೆ. ಬುದ್ಧನಿಗೆ ಹಾಲಿನ ಪಾಯಸ ಕೊಟ್ಟವಳು ಆಕೆ. ಚಳಿಗಾಲದಲ್ಲಿ ನಿರಂಜನಾ ನದಿ ಅಂದರೆ ಬರೀ ಮರಳು. ಆಚೆ ದಡದಲ್ಲಿ ಇಟ್ಟಿಗೆಯ ದೊಡ್ಡ ಸ್ತೂಪ, ಸಾಸಿವೆ ಹೊಲ, ಎಮ್ಮೆ. ಮೌನ ಬೇಕಾದರೆ ನಿಮ್ಮ ಅತ್ತೆಗೆ ಅಲ್ಲಿಗೆ ಹೋಗಲು ಹೇಳಿ.

ಕುಶಾಲನಗರ_ಹುಡುಗ · ಅಕ್ಟೋಬರ್ 16

ಬೈಲಕುಪ್ಪೆ ಪಕ್ಕದವನು ನಾನು, ಟ್ಯಾಕ್ಸಿ ಓಡಿಸುತ್ತೇನೆ. ಚಳಿಗಾಲದಲ್ಲಿ ನಮ್ಮ ಲಾಮಾಗಳು ಗುಂಪು ಗುಂಪಾಗಿ ಬೋಧಗಯೆಗೆ ಹೊರಡುತ್ತಾರೆ, ಅಲ್ಲಿ ಮೊನ್ಲಮ್ ಪ್ರಾರ್ಥನೆ ಇರುತ್ತದೆ. ನಿಮ್ಮ ಅತ್ತೆಗೆ ನಾಲ್ಕು ಮಾತು ಕನ್ನಡ ಕಲಿಸಿ ಕಳಿಸಿ. "ಊಟ ಆಯ್ತಾ" ಅಂದರೆ ಸಾಕು, ಕೆಂಪು ಬಟ್ಟೆಯವರಲ್ಲಿ ಯಾರಾದರೂ ಒಬ್ಬರು "ಆಯ್ತು, ನಿಮ್ದು?" ಅಂತಾರೆ. ಬೈಲಕುಪ್ಪೆ, ಮುಂಡಗೋಡಿನಲ್ಲಿ ಬೆಳೆದವರು ಎಷ್ಟೋ ಜನ.

ಇನ್ನೊಂದು ವಿಷಯ. ಲಕ್ಷ ಅಲ್ಲ, 1,11,111. ಎಣಿಸುವಾಗ ತಪ್ಪಿದ್ದಕ್ಕೆ, ಮನಸ್ಸು ಎಲ್ಲೋ ಹೋಗಿದ್ದಕ್ಕೆ ಸೇರಿಸಿ ಹಾಕುವುದು ಅಂತ ನನ್ನ ಲಾಮಾ ಗೆಳೆಯ ಹೇಳಿದ.

ಲೆಕ್ಕದ_ಮೇಷ್ಟ್ರು · ಅಕ್ಟೋಬರ್ 16

ಹಾಗಾದರೆ ದಿನಕ್ಕೆ 1,852. ಐದು ಗಂಟೆ ದಾಟಿತು. ಅಸಾಧ್ಯ ಅಂತ ನಾನು ಬರೆದುಕೊಡುತ್ತೇನೆ.

ಧಾರವಾಡದ_ಸೊಸೆ · ಅಕ್ಟೋಬರ್ 16

ಮೇಷ್ಟ್ರೇ, ಅಲ್ಲೇ ಮುಗಿಸಬೇಕು ಅಂತ ಕಾನೂನಿಲ್ಲ. ಎಷ್ಟೋ ಜನ ಎರಡು ಮೂರು ವರ್ಷ ತಗೊಳ್ಳುತ್ತಾರೆ, ಉಳಿದದ್ದನ್ನು ಮನೆಯಲ್ಲಿ ಹಾಕುತ್ತಾರೆ. ಬೋಧಗಯೆಯಲ್ಲಿ ಅವಸರ ಮಾಡಿ ಮಂಡಿ ಕಳಕೊಂಡವರನ್ನು ನೋಡಿದ್ದೇನೆ. ಅವರಲ್ಲಿ ನಮ್ಮ ಯುರೋಪಿನವರೇ ಜಾಸ್ತಿ. ರಜೆ ಇಷ್ಟು ದಿನ, ಗುರಿ ಇಷ್ಟು ಅಂತ ಪಟ್ಟಿ ಹಾಕಿಕೊಂಡು ಬರುತ್ತಾರೆ.

ನೀಲು_ಸ್ಟುಟ್‌ಗಾರ್ಟ್ · ಅಕ್ಟೋಬರ್ 16

ಎಕ್ಸೆಲ್ ಶೀಟ್ ಆಗಲೇ ತಯಾರಾಗಿದೆ 😭 ಬಣ್ಣ ಬೇರೆ ಹಾಕಿದ್ದಾರೆ.

ಹಾಗಲಕಾಯಿ · ಅಕ್ಟೋಬರ್ 17

ನಾವು ಗಯೆಗೆ ಹೋಗಿದ್ದು ಪಿಂಡ ಹಾಕಲು. ಅಪ್ಪ, ಚಿಕ್ಕಪ್ಪ, ನಾನು. ವಿಷ್ಣುಪಾದ, ಫಲ್ಗು ನದಿ, ಅಕ್ಷಯವಟ ಎಲ್ಲ ಆಯಿತು. ಕೊನೆಗೆ ಒಂದು ತರಕಾರಿ, ಒಂದು ಹಣ್ಣು ತಿನ್ನುವುದನ್ನು ಬಿಡಬೇಕಲ್ಲ, ಅಪ್ಪ ಹಾಗಲಕಾಯಿ ಬಿಟ್ಟರು. ಅವರು ಹುಟ್ಟಿದಾಗಿನಿಂದ ತಿಂದವರೇ ಅಲ್ಲ! ಅಮ್ಮ ಇವತ್ತಿಗೂ ಅದನ್ನು ಎತ್ತಿ ಆಡುತ್ತಾಳೆ. ಮಧ್ಯಾಹ್ನ ಆಟೋದವನು ಬೋಧಗಯೆಗೆ ಕರಕೊಂಡು ಹೋದ. ಅಲ್ಲಿ 2,500 ವರ್ಷದ ಬೋಧಿವೃಕ್ಷ ನೋಡಿದೆವು.

ಶಾಸನಪ್ರಿಯ · ಅಕ್ಟೋಬರ್ 17

ತಿದ್ದುಪಡಿ. ಮರ 2,500 ವರ್ಷದ್ದಲ್ಲ. ಹಳೆಯದು 1876ರಲ್ಲಿ ಗಾಳಿಗೆ ಬಿತ್ತು. ಈಗಿರುವುದು 1881ರಲ್ಲಿ ಬ್ರಿಟಿಷ್ ಪುರಾತತ್ವಜ್ಞ ಕನ್ನಿಂಗ್‌ಹ್ಯಾಮ್ ನೆಡಿಸಿದ್ದು. ವಂಶ ಅದೇ ಅಂತ ನಂಬಿಕೆ. ಅಶೋಕನ ಕಾಲದಲ್ಲಿ ಬೋಧಗಯೆಯ ಕೊಂಬೆಯೊಂದು ಶ್ರೀಲಂಕಾದ ಅನುರಾಧಪುರಕ್ಕೆ ಹೋಯಿತು, ಆ ಮರ ಇನ್ನೂ ಇದೆ. ಅಶೋಕನೇ ತಾನು ಪಟ್ಟಕ್ಕೆ ಬಂದ ಹತ್ತು ವರ್ಷದ ಮೇಲೆ ಸಂಬೋಧಿಗೆ, ಅಂದರೆ ಬೋಧಗಯೆಗೆ, ಹೋದೆ ಅಂತ ಎಂಟನೇ ಬಂಡೆ ಶಾಸನದಲ್ಲಿ ಹೇಳಿದ್ದಾನೆ. ಅವನದೇ ಶಾಸನದಲ್ಲಿ ಅಶೋಕ ಅನ್ನುವ ಹೆಸರು ಮೊದಲು ಸಿಕ್ಕಿದ್ದು ನಮ್ಮ ರಾಯಚೂರಿನ ಮಸ್ಕಿಯಲ್ಲಿ, 1915ರಲ್ಲಿ. ಕಲಬುರಗಿಯ ಸನ್ನತಿ ಹತ್ತಿರ ಕನಗನಹಳ್ಳಿಯಲ್ಲಿ "ರಾಯೋ ಅಸೋಕೋ", ಅಂದರೆ ರಾಜ ಅಶೋಕ, ಅಂತ ಬರೆದ ಶಿಲ್ಪವೇ ಇದೆ. ನಿಮ್ಮ ಅತ್ತೆಯವರನ್ನು ಅಲ್ಲಿಗೂ ಕರೆದುಕೊಂಡು...

ಮಂಡ್ಯ_ಮಂಜ · ಅಕ್ಟೋಬರ್ 17

ಸಾರ್, ಅವರ ಅತ್ತೆ ಮಂಡಿ ಬಗ್ಗೆ ಮಾತಾಡ್ತಿದ್ವಿ.

ಹಾಗಲಕಾಯಿ · ಅಕ್ಟೋಬರ್ 17

ಆದರೆ ಒಂದು ಮಾತು. ಬಿಹಾರ ಅಂದರೆ ಮೋಸ. ಎರಡು ದಿನದಲ್ಲಿ ನಮ್ಮ ಜೇಬು ಖಾಲಿ. ಬಿಳಿ ಹೆಂಗಸು ಒಬ್ಬರೇ ಅಂದರೆ ಬಿಡುತ್ತಾರಾ?

ಗಯಾ_ರಿಟರ್ನ್ · ಅಕ್ಟೋಬರ್ 17

ಸ್ವಾಮಿ, ನಿಮ್ಮ ಜೇಬು ಖಾಲಿ ಮಾಡಿದ್ದು ಪುರೋಹಿತರೋ ಆಟೋದವರೋ ನನಗೆ ಗೊತ್ತಿಲ್ಲ. ಆದರೆ ಇಡೀ ರಾಜ್ಯಕ್ಕೆ ಹಾಗೆ ಮುದ್ರೆ ಒತ್ತಬೇಡಿ. ಬೆಂಗಳೂರಿನಲ್ಲಿ ನಿಮ್ಮ ಅಪಾರ್ಟ್‌ಮೆಂಟಿನ ಗಾರೆ ಕೆಲಸ ಮಾಡಿದವರು ಯಾರು? ರಾತ್ರಿ ಗೇಟು ಕಾಯುವವರು ಯಾರು? ನನ್ನ ಹೆಂಡತಿಗೆ ಗಯಾದಲ್ಲಿ ಹೆರಿಗೆ ಆದಾಗ ಪಕ್ಕದ ಮನೆಯ ಚಾಚಿ ಹತ್ತು ದಿನ ನಮಗೆ ಅಡುಗೆ ಮಾಡಿ ಹಾಕಿದರು.

ಮೋಸ ಇಲ್ಲ ಅಂತ ನಾನು ಹೇಳುವುದಿಲ್ಲ. ಇದೆ, ಅದಕ್ಕೊಂದು ರೀತಿ ಇದೆ. ಮಗು ಬಂದು ದುಡ್ಡು ಬೇಡ ಅನ್ನುತ್ತದೆ, ತಮ್ಮನಿಗೆ ಹಾಲಿನ ಪುಡಿ ಕೊಡಿಸಿ ಅನ್ನುತ್ತದೆ. ಅದೇ ಅಂಗಡಿಗೆ ಕರೆದೊಯ್ಯುತ್ತದೆ. ನೀವು ದುಬಾರಿ ಡಬ್ಬಿ ಕೊಡಿಸಿ ತಿರುಗಿದ ಮೇಲೆ ಡಬ್ಬಿ ವಾಪಸ್ ಅಂಗಡಿಗೆ, ದುಡ್ಡು ಹಂಚಿಕೆ. ಪುಸ್ತಕ, ಫುಟ್‌ಬಾಲ್, ಇವೂ ಹಾಗೇ. ಇನ್ನೊಂದು, ಜಪಾನೀಸ್, ಥಾಯ್, ಫ್ರೆಂಚ್ ಎಲ್ಲ ಅರಳು ಹುರಿದಂತೆ ಮಾತಾಡುವ ಹುಡುಗ ಗೆಳೆಯನಾಗುತ್ತಾನೆ. ಮೂರು ವಾರ ಒಂದು ಪೈಸೆ ಕೇಳುವುದಿಲ್ಲ. ಆಮೇಲೆ "ನಮ್ಮ ಊರಿನಲ್ಲಿ ಒಂದು ಶಾಲೆ ಇದೆ, ಬನ್ನಿ".

ಧಾರವಾಡದ_ಸೊಸೆ · ಅಕ್ಟೋಬರ್ 18

ಆ ಹಾಲಿನ ಪುಡಿ ನಾನೂ ಕೊಡಿಸಿದ್ದೇನೆ. ಎರಡು ಸಲ. ಎರಡನೇ ಸಲ ಗೊತ್ತಿದ್ದೇ ಕೊಡಿಸಿದೆ. ಆ ಹುಡುಗಿ ಅಷ್ಟು ಚೆನ್ನಾಗಿ ನಟಿಸಿದಳು.

ಶಾಲೆಯ ಕಥೆ ಹೇಳುತ್ತೇನೆ. ಒಂದು ಶಾಲೆಗೆ ಹೋದೆ. ಮಕ್ಕಳು ಸಾಲಾಗಿ ನಿಂತು ಹಾಡಿದರು, ನನಗೆ ಕಣ್ಣಲ್ಲಿ ನೀರು, ದುಡ್ಡು ಕೊಟ್ಟೆ. ಎರಡು ದಿನ ಬಿಟ್ಟು ಹೇಳದೆ ಹೋದರೆ ಅಲ್ಲಿ ಹುಲ್ಲು ಒಣಹಾಕಿದ್ದರು. ಇನ್ನೊಂದು ಶಾಲೆಗೆ ನನ್ನ ಗೆಳತಿ ಹತ್ತು ವರ್ಷದಿಂದ ದುಡ್ಡು ಕಳಿಸುತ್ತಾಳೆ. ಅಲ್ಲಿ ಓದಿದ ಹುಡುಗಿ ಈಗ ನರ್ಸ್. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಮೊದಲ ಭೇಟಿಯಲ್ಲಿ ಕೊಡಬೇಡಿ. ಎರಡು ಸಲ ಹೇಳದೆ ಹೋಗಿ.

ಒಂದು ಬೇಜಾರಿನ ಮಾತೂ ಇದೆ. ನಾವು ವಿದೇಶಿಯರು ಕರುಣೆ ಕಲಿಯಲು ಬಂದವರು. ದೇವಸ್ಥಾನದ ಬಾಗಿಲಲ್ಲಿ ಕೂತ ಭಿಕ್ಷುಕರನ್ನು ದಾಟಿ, ಅವರ ಕಣ್ಣು ತಪ್ಪಿಸಿ ಒಳಗೆ ಓಡುತ್ತೇವೆ, ಎಲ್ಲ ಜೀವಿಗಳಿಗೆ ಒಳ್ಳೆಯದಾಗಲಿ ಅಂತ ಅಡ್ಡಬೀಳಲು. ಪ್ರತಿ ಬೆಳಗ್ಗೆ ಅದು ಚುಚ್ಚುತ್ತಿತ್ತು. ಕೊನೆಗೆ ಸಂಜೆ ಹೊರಬರುವಾಗ ಐದು ಜನಕ್ಕೆ ಚಹಾ ಅಂತ ಒಂದು ಲೆಕ್ಕ ಮಾಡಿಕೊಂಡೆ. ಅದು ಪರಿಹಾರವಲ್ಲ ಅಂತ ಗೊತ್ತು.

ಹಾಗಲಕಾಯಿ · ಅಕ್ಟೋಬರ್ 18

ಸರಿ, ನನ್ನ ಮಾತು ವಾಪಸ್. ಆಟೋದವನ ಮೇಲಿನ ಸಿಟ್ಟು ಇನ್ನೂ ಇದೆ.

ಕುಶಾಲನಗರ_ಹುಡುಗ · ಅಕ್ಟೋಬರ್ 18

ಅತ್ತೆಯವರು ಮೈಸೂರಿಗೂ ಬರುವುದಾದರೆ ಗಮನದಲ್ಲಿಡಿ. ಬೋಧಗಯೆಯಲ್ಲಿ ವಿದೇಶಿಯರು ವೀಸಾ ಇದ್ದರೆ ಎಲ್ಲಿ ಬೇಕಾದರೂ ಉಳಿಯಬಹುದು, ಪಾಸ್‌ಪೋರ್ಟ್ ತೋರಿಸಿ ಫಾರಂ ತುಂಬಿದರೆ ಆಯಿತು. ಬೈಲಕುಪ್ಪೆ ಟಿಬೆಟನ್ ಕ್ಯಾಂಪಿನೊಳಗೆ ರಾತ್ರಿ ಉಳಿಯಲು ಕೇಂದ್ರ ಸರ್ಕಾರದ ವಿಶೇಷ ಪರವಾನಗಿ ಬೇಕು, ಅದಕ್ಕೆ ತಿಂಗಳುಗಟ್ಟಲೆ ಮುಂಚೆ ಅರ್ಜಿ ಹಾಕಬೇಕು. ಹಗಲು ಗೋಲ್ಡನ್ ಟೆಂಪಲ್ ನೋಡಿ ಕುಶಾಲನಗರದಲ್ಲಿ ಉಳಿದರೆ ತೊಂದರೆ ಇಲ್ಲ. ಪರವಾನಗಿ ಇಲ್ಲದೆ ಬಂದು ಅಳುತ್ತಾ ವಾಪಸ್ ಹೋದವರನ್ನು ನಾನೇ ಬಸ್‌ಸ್ಟ್ಯಾಂಡಿಗೆ ಬಿಟ್ಟಿದ್ದೇನೆ.

ಮಂಡ್ಯ_ಮಂಜ · ಅಕ್ಟೋಬರ್ 18

ಜರ್ಮನ್ ಅಂದ್ಮೇಲೆ ಬಿಯರ್? ಬಿಹಾರದಲ್ಲಿ 2016ರಿಂದ ಪಾನನಿಷೇಧ. ಪಾಸ್‌ಪೋರ್ಟ್ ಯಾವ ಬಣ್ಣದ್ದಾದರೂ ಅಷ್ಟೇ. ರಮ್ ತುಂಬಿದ ಚಾಕೊಲೇಟ್ ಕೂಡ ಬ್ಯಾಗಿನಿಂದ ತೆಗೆಸಿ ಅಕ್ಕಾ.

ಶಾಸನಪ್ರಿಯ · ಅಕ್ಟೋಬರ್ 19

ಯಾರೂ ಮುಖ್ಯ ವಿಷಯ ಎತ್ತಲಿಲ್ಲ. 1949ರ ಬೋಧಗಯೆ ದೇವಸ್ಥಾನ ಕಾಯ್ದೆ ಪ್ರಕಾರ ಆಡಳಿತ ಸಮಿತಿಯಲ್ಲಿ ನಾಲ್ವರು ಬೌದ್ಧರು, ನಾಲ್ವರು ಹಿಂದೂಗಳು, ಅಧ್ಯಕ್ಷರು ಜಿಲ್ಲಾಧಿಕಾರಿ. ಅದನ್ನು ಪೂರ್ತಿ ಬೌದ್ಧರಿಗೇ ಬಿಡಬೇಕು ಅಂತ 2025ರ ಫೆಬ್ರವರಿಯಿಂದ ಧರಣಿ ನಡೆಯಿತು. ನೀವು ಕಾಲುಚೀಲ ಅಂತಿದ್ದೀರಿ.

ಹಾಗಲಕಾಯಿ · ಅಕ್ಟೋಬರ್ 19

ಬುದ್ಧ ವಿಷ್ಣುವಿನ ಅವತಾರ ಅಂತ ನಾವೂ ಅಲ್ಲಿ ಪಿಂಡ ಇಡುತ್ತೇವೆ, ನಮಗೂ ಹಕ್ಕಿಲ್ಲವಾ?

ಶಾಸನಪ್ರಿಯ · ಅಕ್ಟೋಬರ್ 19

ಬುದ್ಧನನ್ನು ಅವತಾರ ಅಂತ ಬೌದ್ಧರು ಒಪ್ಪುತ್ತಾರಾ, ಮೊದಲು ಅವರನ್ನು ಕೇಳಿ.

ನಿರ್ವಾಹಕ · ಅಕ್ಟೋಬರ್ 19

ಇದಕ್ಕೆ ಬೇರೆ ಎಳೆ ತೆರೆಯಿರಿ. ಇಲ್ಲಿ ಅತ್ತೆಯವರ ಪ್ರಯಾಣ ಮಾತ್ರ. ಕಾಲುಚೀಲಕ್ಕೆ ಅನುಮತಿ ಇದೆ.

ನೀಲು_ಸ್ಟುಟ್‌ಗಾರ್ಟ್ · ಡಿಸೆಂಬರ್ 12

ಅಪ್‌ಡೇಟ್! ಅತ್ತೆ ತಲುಪಿದರು. ದೆಹಲಿಯಿಂದ ರೈಲು ಮಂಜಿನಲ್ಲಿ ಒಂಬತ್ತು ಗಂಟೆ ತಡ. ರೂಮು ಒಂದು ಬೌದ್ಧ ವಿಹಾರದ ಅತಿಥಿಗೃಹದಲ್ಲಿ, ಬಾಡಿಗೆ ಇಲ್ಲ, ದೇಣಿಗೆ ಪೆಟ್ಟಿಗೆ ಇದೆ. ಎಷ್ಟು ಹಾಕಬೇಕು ಅಂತ ಯಾರೂ ಹೇಳುವುದಿಲ್ಲವಂತೆ. ಜರ್ಮನ್ ಜೀವಕ್ಕೆ ಇದೇ ದೊಡ್ಡ ಹಿಂಸೆ. ದಿನಾ ಫೋನ್ ಮಾಡಿ "ನೀನಾದರೆ ಎಷ್ಟು ಹಾಕುತ್ತಿದ್ದೆ" ಅಂತಾರೆ.

ಮೊದಲ ದಿನ 300 ನಮಸ್ಕಾರ ಹಾಕಿದರು. ಎರಡನೇ ದಿನ ಸೊನ್ನೆ.

ಧಾರವಾಡದ_ಸೊಸೆ · ಡಿಸೆಂಬರ್ 12

ಮೆಟ್ಟಿಲು ಹೇಗೆ ಇಳಿದರು ಕೇಳಿ 😄 ದೇಣಿಗೆಗೆ ಪಕ್ಕದ ಸಾಧಾರಣ ಲಾಡ್ಜಿನ ಬಾಡಿಗೆ ವಿಚಾರಿಸಿ, ಅದಕ್ಕಿಂತ ಕಮ್ಮಿ ಆಗದ ಹಾಗೆ ಹಾಕಲಿ.

ನೀಲು_ಸ್ಟುಟ್‌ಗಾರ್ಟ್ · ಜನವರಿ 3

ಅತ್ತೆಗೆ ಹೊಟ್ಟೆ ಕೆಟ್ಟು, ಆಮೇಲೆ ಕೆಮ್ಮು, ಒಟ್ಟು ಒಂಬತ್ತು ದಿನ ಮಲಗಿದ್ದರು. ನಾನು ವಾಪಸ್ ಬನ್ನಿ ಅಂತ ಜಗಳವಾಡಿದೆ. ಬರುವುದಿಲ್ಲ ಅಂದರು. ನೋಡಿಕೊಂಡದ್ದು ಯಾರು ಗೊತ್ತಾ? ಪಕ್ಕದ ರೂಮಿನಲ್ಲಿದ್ದ ಬೈಲಕುಪ್ಪೆಯ ಇಬ್ಬರು ಬಿಕ್ಕುಣಿಯರು. ಗಂಜಿ ಮಾಡಿ ಕೊಟ್ಟರಂತೆ. ಅತ್ತೆ "ಊಟ ಆಯ್ತಾ" ಅಂತ ನಾನು ಹೇಳಿಕೊಟ್ಟದ್ದನ್ನು ಅಂದಾಗ ಆ ಹುಡುಗಿಯರು ನಕ್ಕು ನಕ್ಕು ಸುಸ್ತಾದರಂತೆ. ಫೋನಿನಲ್ಲಿ ನಾನೂ ಅವರೂ ಅರ್ಧ ಗಂಟೆ ಕನ್ನಡದಲ್ಲಿ ಹರಟಿದೆವು. ಕುಶಾಲನಗರದ ಸಂತೆ, ಕೊಪ್ಪದ ಹತ್ತಿರದ ಬೇಕರಿ. ಅತ್ತೆ ಪಕ್ಕದಲ್ಲಿ ಏನೂ ತಿಳಿಯದೆ ಗಂಜಿ ಕುಡಿಯುತ್ತಿದ್ದರು.

ಕುಶಾಲನಗರ_ಹುಡುಗ · ಜನವರಿ 3

ಹೇಳಿದ್ನಲ್ಲ!!

ಗಯಾ_ರಿಟರ್ನ್ · ಜನವರಿ 4

ಗುಣವಾದ ಮೇಲೆ ಗಯಾದ ತಿಲಕುಟ್ ತಿನ್ನಿಸಿ. ಎಳ್ಳು, ಬೆಲ್ಲ ಕುಟ್ಟಿ ಮಾಡಿದ್ದು, ಸಂಕ್ರಾಂತಿ ಹೊತ್ತಿಗೆ ಬಿಸಿಬಿಸಿ ಸಿಗುತ್ತದೆ. ನಮ್ಮ ಎಳ್ಳು ಬೆಲ್ಲಕ್ಕೆ ಅಣ್ಣ.

ನೀಲು_ಸ್ಟುಟ್‌ಗಾರ್ಟ್ · ಫೆಬ್ರವರಿ 8

ಅತ್ತೆ ವಾಪಸ್ ಬಂದರು. ಆರು ಕಿಲೋ ಇಳಿದಿದ್ದಾರೆ. ಮಂಡಿ ಗಟ್ಟಿಯಾಗಿದೆ. ಬ್ಯಾಗಿನಲ್ಲಿ ಬಿದ್ದ ಬೋಧಿ ಎಲೆ ಹನ್ನೊಂದು. ಬೆಳಗ್ಗೆ ಬೇಗ ಹೋದವರಿಗೆ ಮಾತ್ರ ಸಿಗುತ್ತವಂತೆ, ಒಂದು ಎಲೆ ಬಿದ್ದರೆ ನಾಲ್ಕು ದೇಶದವರು ಓಡುತ್ತಾರಂತೆ. ಹಾಲಿನ ಪುಡಿ? ಮೂರು ಡಬ್ಬಿ. ನಾನು ಮೊದಲೇ ಹೇಳಿದ್ದೆ. "ಗೊತ್ತಿತ್ತು, ಆದರೂ" ಅಂದರು.

ಆದ ನಮಸ್ಕಾರ 38,400. ಎಕ್ಸೆಲ್ ಶೀಟ್ ಡಿಸೆಂಬರ್ 20ಕ್ಕೇ ನಿಂತಿದೆ. ಆಮೇಲೆ ಜಪಮಣಿಯಲ್ಲಿ ಎಣಿಸಿದ್ದಾರೆ.

ಲೆಕ್ಕದ_ಮೇಷ್ಟ್ರು · ಫೆಬ್ರವರಿ 8

ಉಳಿದದ್ದು 72,711. ದಿನಕ್ಕೆ 200 ಹಾಕಿದರೆ 364 ದಿನ. ವರ್ಷಕ್ಕೆ ಒಂದು ದಿನ ರಜೆ. ಅಸಾಧ್ಯ ಅಂದಿದ್ದಕ್ಕೆ ಕ್ಷಮೆ ಇರಲಿ, ಅವರಿಗೆ ನನ್ನದೂ ಒಂದು ನಮಸ್ಕಾರ ಹೇಳಿ. ನಿಂತುಕೊಂಡೇ.

ನೀಲು_ಸ್ಟುಟ್‌ಗಾರ್ಟ್ · ಫೆಬ್ರವರಿ 9

ಹೇಳಿದೆ ಮೇಷ್ಟ್ರೇ. ಈಗ ಹೊಸ ಸಮಸ್ಯೆ. ಅತ್ತೆ ಬಡಗಿಯಿಂದ ಹಲಗೆ ಮಾಡಿಸಿ ಹಾಲ್‌ನಲ್ಲಿ ಹಾಕಿದ್ದಾರೆ. ಬೆಳಗ್ಗೆ ಐದಕ್ಕೆ ಸರ್ರ್, ಧಪ್. ಇಲ್ಲಿ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಸದ್ದು ಮಾಡುವ ಹಾಗಿಲ್ಲ. ಕೆಳಗಿನ ಮನೆಯವರು ಬಾಗಿಲಿಗೆ ಚೀಟಿ ಅಂಟಿಸಿದ್ದಾರೆ, ದಯವಿಟ್ಟು ಆರು ಗಂಟೆಗೆ ಮುಂಚೆ ಪೀಠೋಪಕರಣ ಎಳೆಯಬೇಡಿ ಅಂತ. ಪೀಠೋಪಕರಣ ಅಲ್ಲ, ನಮ್ಮತ್ತೆ ಅಂತ ಹೇಗೆ ಹೇಳಲಿ?

ಮಂಡ್ಯ_ಮಂಜ · ಫೆಬ್ರವರಿ 9

ತಿಲಕುಟ್ ಒಂದು ಡಬ್ಬಿ ತಗೊಂಡು ಇಬ್ಬರೂ ಕೆಳಗೆ ಹೋಗಿ ಅಕ್ಕಾ. ಮೆಟ್ಟಿಲು ಈಗ ಇಳಿಯೋಕೆ ಬರುತ್ತಲ್ಲ ಅತ್ತೆಗೆ?